ಕೆಂಪು 'ಎಚ್' ಮುದ್ರೆಯ ಹಿಂದಿನ ಕೈಗಳು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್ ಊರಿನಲ್ಲಿ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿ ಎಂಬ ಹಳೆಯ ಗ್ರಂಥಭಂಡಾರವಿದೆ. ಅಲ್ಲಿನ ಸಂಗ್ರಹದಲ್ಲಿ ಸುಮಾರು ನೂರೈವತ್ತು ವರ್ಷಗಳಷ್ಟು ಹಳೆಯ ವ್ಯಾಲೆಂಟೈನ್ ಕಾರ್ಡುಗಳಿವೆ. ಮೇಲೆ ಬಿಳಿ ಜಾಲರಿ ಕಾಗದ; ಜಾಲರಿಯ ತೂತುಗಳಿಂದ ಇಣುಕುವ ಕೆಂಪು, ನೀಲಿ, ಹಸಿರು ಹೊಳಪಿನ ಕಾಗದದ ತುಣುಕು; ನಡುವೆ ಹೂವಿನದೋ ಮಗುವಿನದೋ ಬಣ್ಣದ ಚಿತ್ರ. ಅವುಗಳಲ್ಲಿ ಕೆಲವನ್ನು ತಿರುಗಿಸಿದರೆ ಹಿಂಬದಿಯಲ್ಲಿ ಪುಟ್ಟದೊಂದು ಕೆಂಪು 'ಎಚ್' ಅಕ್ಷರ ಕಾಣುತ್ತದೆ. ಎಚ್ ಎಂದರೆ ಹೌಲ್ಯಾಂಡ್. ಎಸ್ತರ್ ಹೌಲ್ಯಾಂಡ್ ಎಂಬ ಹೆಣ್ಣುಮಗಳು ನಡೆಸಿದ ವ್ಯಾಪಾರದ ಗುರುತು ಅದು.

ಇವತ್ತು ಕೈಯಿಂದ ಕಾರ್ಡು ಮಾಡುವ ಹವ್ಯಾಸ ಇರುವವರ ಮೇಜಿನ ಮೇಲೆ ಏನೇನಿರುತ್ತದೆ? ರಬ್ಬರ್ ಸ್ಟಾಂಪು, ಇಂಕ್ ಪ್ಯಾಡು, ಆಕಾರ ಕತ್ತರಿಸುವ ಲೋಹದ ಡೈ, ಚಿತ್ತಾರದ ಕಾಗದ, ಒಂದು ಪದರವನ್ನು ಇನ್ನೊಂದರ ಮೇಲೆ ಎತ್ತಿ ನಿಲ್ಲಿಸಲು ಫೋಮಿನ ಅಂಟುತುಂಡು. ಇವೆಲ್ಲ ಕಾರ್ಖಾನೆಯಲ್ಲೇ ತಯಾರಾದವು. ಆದರೂ ಮುಗಿದ ಕಾರ್ಡನ್ನು ನಾವು 'ಕೈಯಲ್ಲಿ ಮಾಡಿದ್ದು' ಎನ್ನುತ್ತೇವೆ. ಹಾಗೆನ್ನುವುದರಲ್ಲಿ ತಪ್ಪೇನಿಲ್ಲ. ಆದರೆ ಯಾರ ಕೈ, ಯಾವ ಕೆಲಸ ಎಂದು ಕೇಳಿದರೆ ಉತ್ತರಕ್ಕೆ ಆ ಕೆಂಪು ಮುದ್ರೆಯ ಕಾಲಕ್ಕೇ ಹೋಗಬೇಕಾಗುತ್ತದೆ.

ಎಸ್ತರ್ ಹುಟ್ಟಿದ್ದು 1828ರಲ್ಲಿ. ತಂದೆ ವುಸ್ಟರಿನಲ್ಲಿ ಪುಸ್ತಕ ಮತ್ತು ಸ್ಟೇಷನರಿ ವ್ಯಾಪಾರ ಮಾಡುತ್ತಿದ್ದರು. ಹೆಣ್ಣುಮಕ್ಕಳಿಗೆ ಮೇಲಿನ ಓದು ಅಪರೂಪವಾಗಿದ್ದ ಕಾಲದಲ್ಲಿ ಅವರು ಮಗಳನ್ನು ಮೌಂಟ್ ಹೋಲಿಯೋಕ್ ವಿದ್ಯಾಲಯಕ್ಕೆ ಕಳಿಸಿದರು. ಅದನ್ನು ಕಟ್ಟಿದ ಮೇರಿ ಲಯನ್ ಮಹಾ ಶಿಸ್ತಿನ ಹೆಂಗಸು. ವ್ಯಾಲೆಂಟೈನ್ ಚೀಟಿಗಳೆಂದರೆ ಅವರಿಗಾಗುತ್ತಿರಲಿಲ್ಲ. 1848ರ ಫೆಬ್ರವರಿಯಲ್ಲಿ ಅವರು ಸಭಾಂಗಣದಲ್ಲಿ ಎದ್ದು ನಿಂತು, ಅಂಥ ಚೀಟಿಗಳನ್ನು ಯಾರೂ ಕಳಿಸಕೂಡದೆಂದು ಅಪ್ಪಣೆ ಮಾಡಿದ್ದನ್ನು ಅಲ್ಲಿನ ಒಬ್ಬ ವಿದ್ಯಾರ್ಥಿನಿ ಮನೆಗೆ ಬರೆದ ಕಾಗದದಲ್ಲಿ ತಿಳಿಸಿದ್ದಾಳೆ. ಅಪ್ಪಣೆ ಬೀಳುವ ಮೊದಲೇ ಹುಡುಗಿಯರು ಜಾಣತನದಿಂದ ರಾಶಿ ಚೀಟಿ ರವಾನಿಸಿದ್ದೂ ಆ ಕಾಗದದಿಂದಲೇ ಗೊತ್ತಾಗುತ್ತದೆ. ಬರೆದವಳು ಮುಂದೆ ಲೋಕಪ್ರಸಿದ್ಧ ಕವಿಯಾದ ಎಮಿಲಿ ಡಿಕಿನ್ಸನ್. ಎಸ್ತರ್ ಅದರ ಹಿಂದಿನ ವರ್ಷ, 1847ರಲ್ಲಿ, ಓದು ಮುಗಿಸಿ ಮನೆಗೆ ಮರಳಿದ್ದಳು.

ಅದೇ ಸುಮಾರಿಗೆ ತಂದೆಯ ವ್ಯಾಪಾರದ ಪರಿಚಯದವರೊಬ್ಬರಿಂದ ಎಸ್ತರಳಿಗೆ ಇಂಗ್ಲೆಂಡಿನ ಒಂದು ವ್ಯಾಲೆಂಟೈನ್ ಕಾರ್ಡು ಬಂತು. ಅಂಚಿಗೆ ನವಿರಾದ ಜಾಲರಿ, ಮೇಲೆ ಅಂಟಿಸಿದ ಬಣ್ಣದ ಹೂಗಳು. ಅಮೆರಿಕದಲ್ಲಿ ಅಷ್ಟು ಚೆಂದದ್ದನ್ನು ಮಾಡುವವರು ಆಗ ವಿರಳ. ಆಮದಾದ ಕಾರ್ಡು ದುಬಾರಿ. ಇದನ್ನು ನಾನೂ ಮಾಡಬಲ್ಲೆ ಎಂದು ಹತ್ತೊಂಬತ್ತರ ಎಸ್ತರಳಿಗೆ ಅನ್ನಿಸಿತು. ಇಂಗ್ಲೆಂಡಿನಿಂದ ಜಾಲರಿ ಕಾಗದವನ್ನೂ ನ್ಯೂಯಾರ್ಕಿನಿಂದ ಬಣ್ಣದ ಹೂಚಿತ್ರಗಳನ್ನೂ ತಂದೆಯೇ ತರಿಸಿಕೊಟ್ಟರು.

ಈ ಜಾಲರಿ ಕಾಗದದ ಹುಟ್ಟು ಸ್ವಾರಸ್ಯದ್ದು. ಕಾಗದವನ್ನು ಡೈಯಿಂದ ಒತ್ತಿ ಉಬ್ಬುಚಿತ್ರ ಮೂಡಿಸುವ ವಿದ್ಯೆ ಆಗಲೇ ಬಳಕೆಯಲ್ಲಿತ್ತು. ನಮ್ಮ ಮದುವೆಯ ಕರೆಯೋಲೆಯ ಮೇಲೆ ಉಬ್ಬಿ ನಿಲ್ಲುವ ಗಣಪತಿಯ ಹಿಂದಿರುವುದೂ ಇದೇ ವಿದ್ಯೆ: ಲೋಹದ ಅಚ್ಚಿನಲ್ಲಿ ಚಿತ್ರ ಕೊರೆದು ಕಾಗದವನ್ನು ಅದಕ್ಕೆ ಬಲವಾಗಿ ಒತ್ತುವುದು. 1834ರಲ್ಲಿ ಲಂಡನ್ನಿನ ಡಾಬ್ಸ್ ಕಂಪನಿಯ ಕೆಲಸಗಾರ ಜೋಸೆಫ್ ಆಡನ್‌ಬ್ರೂಕ್ ಒಂದು ಹೆಜ್ಜೆ ಮುಂದೆ ಹೋದ ಎನ್ನುತ್ತಾರೆ. ಉಬ್ಬಿದ ಕಾಗದ ಅಚ್ಚಿನ ಮೇಲಿರುವಾಗಲೇ ಅದರ ಉಬ್ಬಿನ ತುದಿಗಳನ್ನು ಅರದಿಂದ ಉಜ್ಜಿದರೆ ಅಲ್ಲಿ ತೂತು ಬಿದ್ದು, ಉಳಿದ ಕಾಗದ ಥೇಟ್ ನೂಲಿನ ಲೇಸಿನ ಹಾಗೆ ಕಾಣುತ್ತಿತ್ತು. ಬೆರಳುಗಳು ದಿನಗಟ್ಟಲೆ ಹೆಣೆಯಬೇಕಾದ ಲೇಸಿನ ನಕಲು ಹೀಗೆ ಕಾಗದದಲ್ಲಿ ಅಗ್ಗವಾಗಿ ಸಿಗತೊಡಗಿತು.

ಕಾರ್ಡಿನ ಇನ್ನೊಂದು ಮುಖ್ಯ ಸಾಮಗ್ರಿ ಬಣ್ಣದ ಚಿತ್ರಗಳು. ಇವುಗಳಲ್ಲಿ ಮುಂದೆ ಹೆಸರು ಮಾಡಿದವು ಜರ್ಮನಿಯ 'ಸ್ಕ್ರ್ಯಾಪು'ಗಳು. ಕಲ್ಲಚ್ಚಿನಲ್ಲಿ ಹಲವು ಬಣ್ಣ ಹಾಕಿ ಮುದ್ರಿಸಿ, ಡೈಯಿಂದ ಉಬ್ಬಿಸಿ, ಅಂಚು ಕತ್ತರಿಸಿ ಹಾಳೆಗಟ್ಟಲೆ ಮಾರುತ್ತಿದ್ದರು. ಚಿತ್ರಗಳು ಒಂದಕ್ಕೊಂದು ಸಣ್ಣ ಕಾಗದದ ಪಟ್ಟಿಯಿಂದ ಅಂಟಿಕೊಂಡಿರುತ್ತಿದ್ದವು. ಪಟ್ಟಿ ಕತ್ತರಿಸಿ ಬೇಕಾದ್ದನ್ನು ತೆಗೆದುಕೊಂಡರೆ ಸರಿ. ಅಂದರೆ ಕೈಕೆಲಸದ ಕಾರ್ಡಿಗೆ ಬೇಕಾದ ಮುಖ್ಯ ಸಾಮಾನೆಲ್ಲ ಮೊದಲಿನಿಂದಲೂ ಯಂತ್ರದ್ದೇ.

ಎಸ್ತರ್ ಒಂದು ಡಜನ್ ಮಾದರಿ ಮಾಡಿ, ಅಂಗಡಿಯ ಮಾಲು ಮಾರಲು ಊರೂರು ಸುತ್ತುತ್ತಿದ್ದ ಅಣ್ಣತಮ್ಮಂದಿರ ಪೈಕಿ ಒಬ್ಬನ ಕೈಗೆ ಕೊಟ್ಟಳು. 200 ಡಾಲರಿನಷ್ಟು ಆರ್ಡರು ಬಂದರೆ ಸಾಕೆಂದು ಅವಳ ಲೆಕ್ಕ. ಅವನು 5,000 ಡಾಲರಿಗೂ ಮೀರಿದ ಆರ್ಡರು ಹೊತ್ತು ಬಂದ ಎಂಬುದು ಅಂದಿನಿಂದ ನಡೆದುಬಂದ ಕಥೆ. ಅಂಕಿ ಸ್ವಲ್ಪ ಹಿಗ್ಗಿರಲೂಬಹುದು, ವ್ಯಾಪಾರದ ಕಥೆಗಳಲ್ಲಿ ಅದು ಸಹಜ. ಆದರೆ ಒಬ್ಬಳೇ ಕೂತು ಮಾಡಿ ಮುಗಿಸುವ ಕೆಲಸ ಅದಾಗಿರಲಿಲ್ಲ ಎಂಬುದು ಖಚಿತ. 1850ರ ಫೆಬ್ರವರಿಯಲ್ಲಿ ವುಸ್ಟರಿನ ಪತ್ರಿಕೆಯಲ್ಲಿ ಅವಳ ಜಾಹೀರಾತು ಬಂತು. ಅಂಚೆಯ ದರ ಇಳಿದದ್ದೂ ಇಂಥ ವ್ಯಾಪಾರಕ್ಕೆ ಕೂಡಿಬಂತು: 1845ರ ಕಾನೂನು ಅಮೆರಿಕದೊಳಗಿನ ಕಾಗದದ ದರವನ್ನು 300 ಮೈಲಿವರೆಗೆ 5 ಸೆಂಟಿಗೆ ತಂದಿತ್ತು, 1851ರಲ್ಲಿ, ಮುಂಗಡವಾಗಿ ಕಟ್ಟಿದರೆ, 3,000 ಮೈಲಿಗೂ 3 ಸೆಂಟೇ ಸಾಕಾಯಿತು.

ಎಸ್ತರ್ ಗೆಳತಿಯರನ್ನು ಕರೆದಳು. ಮನೆಯ ಮೂರನೆಯ ಮಹಡಿಯ ಕೋಣೆಯಲ್ಲಿ ಉದ್ದನೆಯ ಮೇಜಿನ ಸುತ್ತ ಎಲ್ಲರೂ ಕೂತರು. ಒಬ್ಬಳು ಚಿತ್ರ ಕತ್ತರಿಸುವುದು, ಇನ್ನೊಬ್ಬಳು ಹಿನ್ನೆಲೆಯ ಕಾಗದ ಹಾಕುವುದು, ಮತ್ತೊಬ್ಬಳು ಜಾಲರಿ ಅಂಟಿಸುವುದು. ಮೊದಲ ಮಾದರಿ ಎಸ್ತರಳದು. ಉಳಿದವರು ಅದನ್ನು ನೋಡಿಕೊಂಡು ಮಾಡಬೇಕು. ಕೊನೆಗೆ ಪರೀಕ್ಷೆಯೂ ಅವಳದೇ. ಹೆನ್ರಿ ಫೋರ್ಡಿನ ಕಾರ್ಖಾನೆಯಲ್ಲಿ ಚಲಿಸುವ ಜೋಡಣೆ ಸಾಲು ಶುರುವಾದದ್ದು 1913ರಲ್ಲಿ. ಇಲ್ಲಿ ಮೇಜೇನೂ ಚಲಿಸುತ್ತಿರಲಿಲ್ಲ. ಆದರೆ ಕೆಲಸವನ್ನು ಚೂರು ಮಾಡಿ ಕೈಯಿಂದ ಕೈಗೆ ದಾಟಿಸುವ ಉಪಾಯ ಅದಕ್ಕೂ ಅರವತ್ತು ವರ್ಷ ಮೊದಲೇ ಒಲವಿನ ಓಲೆಗಳ ತಯಾರಿಕೆಯಲ್ಲಿ ನಡೆದಿತ್ತು.

ಬೇಡಿಕೆ ಇನ್ನೂ ಬೆಳೆದಾಗ ಕೆಲಸ ಬೇರೆ ಮನೆಗಳಿಗೂ ಹೋಯಿತು. ಒಂದು ಪೆಟ್ಟಿಗೆಯಲ್ಲಿ ಬೇಕಾದ ಸಾಮಾನು, ಜೊತೆಗೊಂದು ಮಾದರಿ ಕಾರ್ಡು. ವಾರದ ಮೇಲೆ ಗಾಡಿಯವನು ಬಂದು ಮುಗಿದ ಮಾಲು ಒಯ್ಯುತ್ತಿದ್ದ. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವ ಮನೆಗಳನ್ನು ಬಲ್ಲವರಿಗೆ ಈ ಪದ್ಧತಿಯನ್ನು ವಿವರಿಸಬೇಕಿಲ್ಲ: ಎಲೆ, ತಂಬಾಕು ತೂಗಿ ಕೊಡುವುದು, ಕಟ್ಟಿದ ಬೀಡಿಯನ್ನು ಎಣಿಸಿ ತೆಗೆದುಕೊಳ್ಳುವುದು. ಎಸ್ತರಳ ಕೆಲಸದವರಿಗೆ ಕೂಲಿ ಚೆನ್ನಾಗಿತ್ತೆಂದೇ ಹೇಳಿಕೆ. ಆಗಿನ ಮ್ಯಾಸಚೂಸೆಟ್ಸಿನಲ್ಲಿ ದುಡಿಯಬೇಕಾದ ಹೆಣ್ಣಿಗೆ ಇದ್ದ ದಾರಿಗಳೇ ಕೆಲವು: ಶಾಲೆಯಲ್ಲಿ ಪಾಠ, ಮನೆಗೆಲಸ, ಹೊಲಿಗೆ, ಇಲ್ಲವೇ ಬಟ್ಟೆ ಗಿರಣಿ. ಲೋವೆಲ್ ಊರಿನ ಗಿರಣಿಗಳಲ್ಲಿ ಹುಡುಗಿಯರು ದಿನಕ್ಕೆ ಹನ್ನೆರಡು ಗಂಟೆಗೂ ಮೀರಿ ದುಡಿಯುತ್ತಿದ್ದರು. ಕೂಲಿ ಕಡಿತದ ವಿರುದ್ಧ 1834ರಲ್ಲೇ ಮುಷ್ಕರಕ್ಕಿಳಿದಿದ್ದರು. ಅದರ ಪಕ್ಕದಲ್ಲಿಟ್ಟು ನೋಡಿದರೆ ಬೆಳಕಿರುವ ಕೋಣೆಯಲ್ಲಿ ಕೂತು ಹೂವು ಅಂಟಿಸುವುದು ಹಗುರದ ಕೆಲಸ. ಆದರೆ ಕಾರ್ಡಿನ ಹಿಂಬದಿಯ ಅಕ್ಷರ ಒಬ್ಬಳದೇ. ಆ ಹೂವು ಯಾರು ಕತ್ತರಿಸಿದರು, ಆ ಜಾಲರಿ ಯಾರು ಅಂಟಿಸಿದರು ಎಂಬುದನ್ನು ಯಾವ ಮುದ್ರೆಯೂ ಹೇಳುವುದಿಲ್ಲ.

ಹಾಗೆಂದು ಎಸ್ತರಳ ಪಾಲನ್ನು ಕಡಿಮೆ ಮಾಡುವಂತಿಲ್ಲ. ಬಿಳಿ ಜಾಲರಿಯ ಕೆಳಗೆ ಬಣ್ಣದ ಹೊಳಪಿನ ಕಾಗದ ಇಟ್ಟು ಕುಸುರಿ ಎದ್ದು ಕಾಣುವಂತೆ ಮಾಡಿದ ಹೆಗ್ಗಳಿಕೆ ಅವಳಿಗೆ ಸಲ್ಲುತ್ತದೆ. ಕಾಗದದ ಪಟ್ಟಿಯನ್ನು ಹಾರ್ಮೋನಿಯಂ ತಿದಿಯ ಹಾಗೆ ಹಿಂದೆ ಮುಂದೆ ಮಡಿಸಿ ಪುಟ್ಟ ಸ್ಪ್ರಿಂಗು ಮಾಡಿ, ಮೇಲಿನ ಪದರವನ್ನು ಎತ್ತಿ ನಿಲ್ಲಿಸಿದಳು. ಇಂದಿನ ಹವ್ಯಾಸಿಗಳ ಫೋಮಿನ ತುಂಡು ಮಾಡುವುದು ಇದನ್ನೇ. ಪದ್ಯವನ್ನು ಮುಖದ ಮೇಲೆ ಹಾಕದೆ ಒಳಗೆ ಇಟ್ಟಳು. ಕಾರ್ಡು ತೆರೆದವರಿಗಷ್ಟೇ ಅದು ಕಾಣಬೇಕು. 1879ರಲ್ಲಿ ಬರೀ ಪದ್ಯಗಳದೇ ಒಂದು ಪುಸ್ತಿಕೆ ತಂದಳು: 31 ಪುಟ, 131 ಪದ್ಯ. ಕಾರ್ಡು ಹಿಡಿಸಿ ಅದರೊಳಗಿನ ಪದ್ಯ ಹಿಡಿಸದಿದ್ದರೆ, ಪುಸ್ತಿಕೆಯಿಂದ ಬೇರೊಂದನ್ನು ಆರಿಸಿ ಹಳೆಯದರ ಮೇಲೆ ಅಂಟಿಸಬಹುದಿತ್ತು. ಸಾವಿರಾರು ಜನರಿಗೆ ಒಂದೇ ಅಚ್ಚಿನ ಮಾತನ್ನು ಮಾರುತ್ತಲೇ, ಇದು ನಿಮ್ಮದೇ ಮಾತು ಎಂಬ ಭಾವನೆ ಉಳಿಸುವ ಜಾಣತನ ಇದು. ಶುಭಾಶಯ ಪತ್ರದ ಉದ್ಯಮ ಇಂದಿಗೂ ಬದುಕಿರುವುದು ಇದರ ಮೇಲೆಯೇ.

1866ರಲ್ಲಿ ಬಿದ್ದು ಮೊಣಕಾಲಿಗೆ ಪೆಟ್ಟಾದ ಮೇಲೆ ಎಸ್ತರ್ ಗಾಲಿಕುರ್ಚಿಯಲ್ಲಿ ಕೂತೇ ಕೆಲಸ ನೋಡಿಕೊಂಡಳು. ವಹಿವಾಟು ವರ್ಷಕ್ಕೆ ಲಕ್ಷ ಡಾಲರ್ ಮುಟ್ಟಿತ್ತು ಎನ್ನುತ್ತಾರೆ. 1881ರಲ್ಲಿ, ಕಾಯಿಲೆ ಬಿದ್ದ ತಂದೆಯನ್ನು ನೋಡಿಕೊಳ್ಳಲು ಅವಳು ವ್ಯಾಪಾರವನ್ನು ಅದೇ ಊರಿನ ಜಾರ್ಜ್ ವಿಟ್ನಿಗೆ ಮಾರಿದಳು. ಅಷ್ಟು ದೊಡ್ಡ ವ್ಯಾಪಾರ ನಡೆಸಿದವಳೂ ಮನೆಯಲ್ಲಿ ಆರೈಕೆಗೆ ಜನ ಬೇಕಾದಾಗ ಮದುವೆಯಾಗದ ಮಗಳೇ ಆಗಬೇಕಾಯಿತು. 1904ರಲ್ಲಿ ತೀರಿಕೊಂಡಳು.

ವಿಟ್ನಿ ಯಂತ್ರಗಳನ್ನು ಹಾಕಿಸಿ ಜಾಲರಿಯನ್ನೂ ಉಬ್ಬುಚಿತ್ರವನ್ನೂ ವುಸ್ಟರಿನಲ್ಲೇ ಮಾಡತೊಡಗಿದ. ಇಂಗ್ಲೆಂಡಿನ ಕಾಗದ ತರಿಸುವ ಅಗತ್ಯ ತಪ್ಪಿತು. ಅಗ್ಗದ ಅಚ್ಚಿನ ಕಾರ್ಡು ಹೆಚ್ಚಿದಂತೆ ಪದರ ಪದರವಾಗಿ ಕೈಯಿಂದ ಕಟ್ಟುವ ಕಾರ್ಡು ಹಿಂದೆ ಸರಿಯಿತು. 1910ರಲ್ಲಿ ಬೆಂಕಿ ಬಿದ್ದ ಮೇಲೂ ಆ ಕಂಪನಿ ಮತ್ತೆ ಎದ್ದು ನಿಂತಿತು. ಅದು ಬಾಗಿಲು ಹಾಕಿದ್ದು 1942ರಲ್ಲಿ, ಎರಡನೆಯ ಮಹಾಯುದ್ಧದ ಕಾಲದ ಕಾಗದದ ಅಭಾವದಿಂದ.