ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮಿಕ್ಸಿ ನಿಂತರೆ ನಾನು ಹೆದರುವುದಿಲ್ಲ. ಪ್ಲಗ್ ತೆಗೆದು, ಮೋಟರಿನ ಎರಡು ಬದಿಯ ಸವೆದ ಕಾರ್ಬನ್ ಬ್ರಷ್ ಕಿತ್ತು ಹೊಸದು ಕೂರಿಸುವುದನ್ನು ಕಲಿತು ಎಷ್ಟೋ ವರ್ಷವಾಯಿತು. ಈ ವಿದ್ಯೆ ನನಗೆ ಅಡುಗೆಮನೆಯಲ್ಲಿ ಬಂದದ್ದಲ್ಲ. ಬೆಳಗಾವಿಯ ಉದ್ಯಮಬಾಗಿನಲ್ಲಿ ನಮ್ಮ ಮನೆಯವರು ನಡೆಸುತ್ತಿದ್ದ ಸಣ್ಣ ವರ್ಕ್‌ಶಾಪಿನಲ್ಲಿ ಬಂತು. ಅಲ್ಲಿ ನಾನು ಲೆಕ್ಕ ಬರೆಯುತ್ತಿದ್ದೆ, ಚಹಾ ಮಾಡುತ್ತಿದ್ದೆ, ಬ್ಯಾಂಕಿನವರು ಬಂದಾಗ ನಗುತ್ತಿದ್ದೆ.

1998ರಲ್ಲಿ ನಾವು ಸಾಲ ಮಾಡಿ ಒಂದು ಹಳೆಯ ಸಿ.ಎನ್.ಸಿ. ಮಿಲ್ಲಿಂಗ್ ಯಂತ್ರ ತಂದೆವು. ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಯಂತ್ರವದು. ಕೆಲಸದ ತುಂಡನ್ನು ಟೇಬಲ್ಲಿಗೆ ಬಿಗಿದರೆ ಮೇಲೆ ಕಟರ್ ಗಿರಗಿರ ತಿರುಗುತ್ತದೆ. ಟೇಬಲ್ಲು ಎಡಬಲಕ್ಕೂ ಹಿಂದೆಮುಂದಕ್ಕೂ ಸರಿಯುತ್ತದೆ, ಕಟರಿನ ತಲೆ ಮೇಲೆಕೆಳಗೆ ಆಡುತ್ತದೆ. ಎಡಬಲಕ್ಕೆ ಎಕ್ಸ್, ಹಿಂದೆಮುಂದಕ್ಕೆ ವೈ, ಮೇಲೆಕೆಳಗೆ ಝಡ್. ಒಂದೊಂದು ದಿಕ್ಕಿಗೆ ಒಂದೊಂದು ಸರ್ವೊ ಮೋಟರು. ನಮ್ಮ ಮನೆಯ ದೊಡ್ಡ ಕಪಾಟಿಗಿಂತ ತುಸು ದಪ್ಪ ಅಷ್ಟೆ, ಆದರೆ ನಮ್ಮ ಅನ್ನ ಅದರೊಳಗಿತ್ತು.

ಎರಡನೆಯ ವರ್ಷ ಅದು ಕೆಲಸದ ನಡುವೆ ನಿಲ್ಲತೊಡಗಿತು. ಪರದೆಯ ಮೇಲೆ 'ಎಕ್ಸ್ ಸರ್ವೊ ದೋಷ' ಎಂಬ ಅಕ್ಷರ. ಸ್ವಿಚ್ ಆರಿಸಿ ಹಾಕಿದರೆ ಮತ್ತೆ ಓಡುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಪಂಪಿನ ಭಾಗಗಳು ಎರಡು ಮೂರು ಹಾಳಾದವು. ಶನಿವಾರದೊಳಗೆ ಮಾಲು ಕೊಡಬೇಕಿತ್ತು. ಯಂತ್ರ ನೋಡಿಕೊಳ್ಳುತ್ತಿದ್ದವ ಹತ್ತೊಂಬತ್ತರ ಹುಡುಗ, ಐ.ಟಿ.ಐ. ಮುಗಿಸಿ ಬಂದವ. "ಸರ್, ಟೇಬಲ್ ಬಲಗಡೆ ತುದಿಗೆ ಹೋದಾಗ ಅಷ್ಟ ನಿಲ್ತೈತ್ರಿ" ಎಂದು ಅವನು ಎರಡು ಸಲ ಹೇಳಿದ್ದು ನನಗೇ ಕೇಳಿಸಿತ್ತು. ಇವರಿಗೆ ಕೇಳಿಸಲಿಲ್ಲ. "ಒಮ್ಮೆಲೆ ಆಳ ಕಟ್ ಕೊಟ್ಟು ಮೋಟರ್ ಸುಟ್ಟಿ" ಎಂದು ರೇಗಿ, ನಾಳೆಯಿಂದ ಬರಬೇಡ ಎಂದುಬಿಟ್ಟರು. ಹುಡುಗ ಡಬ್ಬಿ ಎತ್ತಿಕೊಂಡು ಹೋದ. ನಾನು ಲೆಕ್ಕದ ಪುಸ್ತಕದಿಂದ ತಲೆ ಎತ್ತಲಿಲ್ಲ.

ಹೊಸ ಮೋಟರಿಗೆ ವಿಚಾರಿಸಿದರೆ 32,000 ರೂಪಾಯಿ. ನಮ್ಮ ಆರು ತಿಂಗಳ ಕಂತು.

ಸರ್ವೊ ಎಂಬ ಈ ವಿಚಿತ್ರ ಪದ ಎಲ್ಲಿಯದು ಎಂದು ನಾನು ಹುಡುಕಲು ಹೊರಟದ್ದು ಆಮೇಲೆ, ನಿಧಾನವಾಗಿ. ಲ್ಯಾಟಿನ್ನಿನಲ್ಲಿ ಸರ್ವುಸ್ ಎಂದರೆ ದಾಸ, ಆಳು. ಉಗಿಹಡಗುಗಳು ದೊಡ್ಡದಾದ ಕಾಲದಲ್ಲಿ ಅವುಗಳ ಚುಕ್ಕಾಣಿಯನ್ನು ಮನುಷ್ಯರ ತೋಳು ತಿರುಗಿಸಲಾರದಾಯಿತು. ಫ್ರಾನ್ಸಿನ ಎಂಜಿನಿಯರ್ ಫಾರ್ಕೊ ಎಂಬಾತ ಉಗಿಯ ಯಂತ್ರವೊಂದನ್ನು ಆ ಕೆಲಸಕ್ಕೆ ಹೂಡಿ, 1873ರಲ್ಲಿ ಅದರ ಮೇಲೆ ಪುಸ್ತಕ ಬರೆದು, ಅದನ್ನು ಸರ್ವೊ ಮೋಟರ್, ಎಂದರೆ ದಾಸನಾದ ಮೋಟರ್ ಎಂದು ಕರೆದ. ನಾವಿಕ ಚಿಕ್ಕ ಹಿಡಿಯನ್ನು ತುಸು ಸರಿಸಿದರೆ ಸಾಕು, ಉಗಿ ಭಾರದ ಚುಕ್ಕಾಣಿಯನ್ನು ಅಷ್ಟೇ ತಿರುಗಿಸಿ ನಿಲ್ಲಬೇಕು. ಅಷ್ಟೇ ಎಂಬುದರಲ್ಲಿಯೇ ಎಲ್ಲ ಇದೆ. ಚುಕ್ಕಾಣಿ ಎಲ್ಲಿಗೆ ಬಂತು ಎಂಬ ಸುದ್ದಿ ಹಿಂದಕ್ಕೆ ಬಂದು ಹಿಡಿಯ ಜೊತೆ ತಾಳೆಯಾಗಬೇಕು. ಸುದ್ದಿ ಬರದಿದ್ದರೆ ದಾಸ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಓಡುತ್ತಲೇ ಇರುತ್ತಾನೆ.

ಬೆಳಗಾವಿಯ ವಡಗಾವಿ, ಖಾಸಬಾಗಗಳಲ್ಲಿ ಸೀರೆ ನೇಯುವ ಮಗ್ಗ ನೋಡಿದವರಿಗೆ ಜಕಾರ್ಡ್ ಗೊತ್ತು. 1804ರ ಸುಮಾರಿಗೆ ಫ್ರಾನ್ಸಿನ ಜಕಾರ್ಡ್ ರೂಪಿಸಿದ್ದು. ತೂತು ಕೊರೆದ ರಟ್ಟುಗಳು ಒಂದರ ಹಿಂದೊಂದು ಬಂದು, ಯಾವ ಎಳೆ ಏಳಬೇಕು ಎಂದು ಹೇಳುತ್ತವೆ. ಸೆರಗಿನಲ್ಲಿ ನವಿಲು ಮೂಡುತ್ತದೆ. ಆದರೆ ಎಳೆ ಹರಿದರೆ ರಟ್ಟಿಗೆ ತಿಳಿಯದು; ಅದು ಹೇಳುತ್ತ ಹೋಗುತ್ತದೆ, ನವಿಲಿಗೆ ಕಾಲು ಇರುವುದಿಲ್ಲ. ಅದು ಅಪ್ಪಣೆ ಮಾತ್ರ. ನಡೆಯಿತೋ ಇಲ್ಲವೋ ಎಂದು ಕೇಳುವ ಬಾಯಿ ಅದಕ್ಕಿಲ್ಲ.

ತೂತಿನ ಪಟ್ಟಿಯೂ ಸರ್ವೊ ಮೋಟರೂ ಮಿಲ್ಲಿಂಗ್ ಯಂತ್ರದಲ್ಲಿ ಒಂದಾದದ್ದು ಅಮೆರಿಕದಲ್ಲಿ. ಮಿಶಿಗನ್ ರಾಜ್ಯದ ಜಾನ್ ಪಾರ್ಸನ್ಸ್ ಹೆಲಿಕಾಪ್ಟರಿನ ರೆಕ್ಕೆ ತಯಾರಿಸುತ್ತಿದ್ದವರು. ಡೊಂಕು ಮೈಯನ್ನು ಲೆಕ್ಕದ ಅಂಕಿಗಳಿಂದಲೇ ಕೊರೆಯಬೇಕೆಂಬುದು ಅವರ ಆಸೆ. 1949ರಲ್ಲಿ ವಾಯುಪಡೆಯ ಹಣ ಸಿಕ್ಕಿತು. ಎಂ.ಐ.ಟಿ.ಯಲ್ಲಿ 1940ರಲ್ಲಿ ಶುರುವಾಗಿ ಯುದ್ಧಕಾಲದಲ್ಲಿ ಫಿರಂಗಿಗಳ ಗುರಿ ತಿರುಗಿಸುವ ಕೆಲಸ ಮಾಡಿದ್ದ ಸರ್ವೊ ಪ್ರಯೋಗಾಲಯ ಕೈಜೋಡಿಸಿತು. 1952ರಲ್ಲಿ ತೂತಿನ ಕಾಗದದ ಪಟ್ಟಿ ಓದಿ ಮೂರು ದಿಕ್ಕಿಗೂ ಚಲಿಸುವ ಮಿಲ್ಲಿಂಗ್ ಯಂತ್ರವನ್ನು ಜನರ ಮುಂದೆ ಓಡಿಸಿ ತೋರಿಸಿದರು. ಆಗ ಅದರ ಬುದ್ಧಿಯೆಲ್ಲ ನಿರ್ವಾತ ಕೊಳವೆಗಳಲ್ಲಿತ್ತು.

ನಮ್ಮಲ್ಲಿಯೂ ಆ ಹೊತ್ತಿಗೆ ಯಂತ್ರ ಮಾಡುವ ಯಂತ್ರಗಳ ಕನಸು ಕಂಡಿದ್ದರು. 1953ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಹುಟ್ಟಿತು. ನನ್ನ ಮದುವೆಯಲ್ಲಿ ಅಪ್ಪ ಕೊಟ್ಟ ಕೈಗಡಿಯಾರ ಅದರದ್ದೇ. ಗಡಿಯಾರಕ್ಕಿಂತ ಮೊದಲು ಅವರು ಲೇತು, ಮಿಲ್ಲಿಂಗ್ ಯಂತ್ರ ಮಾಡುತ್ತಿದ್ದರೆಂದು ನಮ್ಮಲ್ಲಿ ಎಷ್ಟು ಜನ ಹೆಂಗಸರಿಗೆ ಗೊತ್ತು?

ಇರಲಿ. ಗುರುವಾರ ಸಂಜೆ ಹುಬ್ಬಳ್ಳಿಯಿಂದ ಮೆಕ್ಯಾನಿಕ್ ಬಂದರು. ವಯಸ್ಸಾದವರು, ಮಾತು ಕಡಿಮೆ. ಮೊದಲು ಕೇಳಿದ ಪ್ರಶ್ನೆ: "ನಿಂತಾಗ ಟೇಬಲ್ ಎಲ್ಲಿತ್ರಿ?" ಇವರು ಸುಮ್ಮನಾದರು. ನಾನು ಹೇಳಿದೆ: "ಬಲಗಡೆ ತುದಿಗೆ, ಅಂತ ಹುಡುಗ ಹೇಳಿದ್ದನ್ರಿ."

"ಮೋಟರ್ ಸುಟ್ಟಿದ್ರ ವಾಸನಿ ಬರತಿತ್ರಿ, ವೈನಿ. ಅದು ಬರೇ ಬಲಗಡೆ ಅಷ್ಟ ಸುಡಂಗಿಲ್ಲ" ಎಂದರು.

ಅವರ ಕೆಲಸದ ಕ್ರಮ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲು ಕಟರಿನ ತಲೆಯ ಕೆಳಗೆ ಮರದ ದಿಮ್ಮಿ ಇಟ್ಟರು. ಬ್ರೇಕ್ ಸಡಿಲಾದರೆ ಆ ಭಾರ ಕೈಮೇಲೆ ಬೀಳುತ್ತದೆ. ವಿದ್ಯುತ್ತು ಪೂರ್ತಿ ಆರಿಸಿದ ಮೇಲೂ ಸ್ವಲ್ಪ ಹೊತ್ತು ಕೂತು ಚಹಾ ಕುಡಿದರು. ಪೆಟ್ಟಿಗೆಯೊಳಗಿನ ಕೆಪಾಸಿಟರುಗಳು ಕರೆಂಟು ಹಿಡಿದುಕೊಂಡಿರುತ್ತವಂತೆ. ಆಮೇಲೆ ಮೀಟರು ಇಟ್ಟು ನೋಡಿಯೇ ಕೈ ಹಾಕಿದರು. ಎಕ್ಸ್ ದಿಕ್ಕಿನ ತಿರುಪನ್ನು ಕೈಯಿಂದ ತಿರುಗಿಸಿದರು: ಹಗುರವಾಗಿ ತಿರುಗಿತು, ಎಣ್ಣೆಯಿಲ್ಲದೆ ಬಿಗಿದಿಲ್ಲ. ಮೋಟರಿನ ಬ್ರಷ್ ತೆಗೆದು ನನಗೆ ತೋರಿಸಿದರು: ಉದ್ದ ಸಾಕಷ್ಟಿತ್ತು, ಕರಿ ಪುಡಿಯನ್ನು ಒರೆಸಿ ಹಾಕಿದರು. ನಾನು ಬ್ರಷ್ ನೋಡಿದ್ದು ಅದೇ ಮೊದಲು.

ಎಕ್ಸ್, ವೈ ಮೋಟರುಗಳು ಒಂದೇ ನಮೂನೆಯವು. ಪೆಟ್ಟಿಗೆಯ ಹತ್ತಿರ ಅವೆರಡರ ವಯರುಗಳನ್ನು ಅದಲುಬದಲು ಮಾಡಿ, ಕಟರ್ ತೆಗೆದು, ಒಂದು ಕೈ ನಿಲ್ಲಿಸುವ ಕೆಂಪು ಗುಂಡಿಯ ಮೇಲಿಟ್ಟು ಮೆಲ್ಲಗೆ ಓಡಿಸಿದರು. ವೈ ಎಂದು ಅಪ್ಪಣೆ ಕೊಟ್ಟರೆ ಈಗ ಟೇಬಲ್ಲು ಎಡಬಲಕ್ಕೆ ಸರಿಯಿತು. ಬಲತುದಿಗೆ ಬಂದೊಡನೆ ಪರದೆ 'ವೈ ಸರ್ವೊ ದೋಷ' ಎಂದಿತು. ಅಂದರೆ ಪೆಟ್ಟಿಗೆ ಸರಿಯಿದೆ. ರೋಗ ಮೋಟರಿನಲ್ಲಿ ಅಥವಾ ಅದರ ವಯರಿನಲ್ಲಿ.

ಪ್ರತಿ ಸರ್ವೊ ಮೋಟರಿನ ಬೆನ್ನಿಗೆ ಎನ್‌ಕೋಡರ್ ಎಂಬ ಪುಟ್ಟ ಡಬ್ಬಿ ಇರುತ್ತದೆ. ಮೋಟರು ಎಷ್ಟು ತಿರುಗಿತು ಎಂದು ಎಣಿಸಿ ಹೇಳುವುದು ಅದರ ಕೆಲಸ. ಅಂಗಡಿಗೆ ಕಳಿಸಿದ ಮಗ ತಂದ ಸಾಮಾನನ್ನು ನಾವು ಚೀಟಿಯೊಡನೆ ತಾಳೆ ನೋಡುವಂತೆ ಯಂತ್ರ ಕ್ಷಣಕ್ಷಣಕ್ಕೂ ಅಪ್ಪಣೆಗೂ ಎಣಿಕೆಗೂ ತಾಳೆ ನೋಡುತ್ತದೆ. ವ್ಯತ್ಯಾಸ ಮಿತಿ ಮೀರಿದರೆ ದೋಷ ಎಂದು ಕೂಗಿ ನಿಲ್ಲುತ್ತದೆ. ಅಗ್ಗದ ಪುಟ್ಟ ಯಂತ್ರಗಳ ಸ್ಟೆಪರ್ ಮೋಟರುಗಳಿಗೆ ಸಾಮಾನ್ಯವಾಗಿ ಈ ಎಣಿಕೆಯವನಿಲ್ಲ. ಹೆಜ್ಜೆ ತಪ್ಪಿದರೂ ತೆಪ್ಪಗೆ ಮಾಲು ಕೆಡಿಸುತ್ತ ಹೋಗುತ್ತವೆ. ಕೂಗುವ ಯಂತ್ರವೇ ವಾಸಿ.

ಮತ್ತೆ ಎಲ್ಲ ಆರಿಸಿ, ಎನ್‌ಕೋಡರಿನ ವಯರಿನ ಎರಡು ತುದಿಗೆ ಮೀಟರ್ ಹಿಡಿದು, ಟೇಬಲ್ಲಿನೊಡನೆ ಬಾಗುವ ಜಾಗದಲ್ಲಿ ಅದನ್ನು ಬಗ್ಗಿಸಿದರು. ಕುಂಯ್ ಎನ್ನುತ್ತಿದ್ದ ಮೀಟರು ನಿಂತಿತು. ನೆಟ್ಟಗೆ ಮಾಡಿದರೆ ಮತ್ತೆ ಕುಂಯ್. ಸಾವಿರಾರು ಸಲ ಬಾಗಿ ಬಾಗಿ ಒಳಗಿನ ಕೂದಲೆಳೆಯ ತಂತಿ ಮುರಿದಿತ್ತು. ಮೇಲಿನ ರಬ್ಬರು ಹೊಸದರಂತೆಯೇ ಹೊಳೆಯುತ್ತಿತ್ತು. ಟೇಬಲ್ಲು ಬಲಕ್ಕೆ ಹೋದಾಗ ವಯರು ಬಾಗಿ, ತಂತಿ ಬಿಟ್ಟು, ಎಣಿಕೆಯ ಸುದ್ದಿ ಪೆಟ್ಟಿಗೆಗೆ ತಲುಪುತ್ತಿರಲಿಲ್ಲ. ಮೆತ್ತನೆಯ ಹೊಸ ವಯರಿಗೆ ಆದದ್ದು 640 ರೂಪಾಯಿ. ಶನಿವಾರ ಮಾಲು ಹೋಯಿತು.

ಹುಡುಗ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಭಾನುವಾರ ಇವರು ಸ್ಕೂಟರ್ ತೆಗೆದುಕೊಂಡು ಅವನ ಮನೆಗೆ ಹೋದರು. ತಪ್ಪಾಯಿತು ಎಂದರಂತೆ, ಅದನ್ನು ನನಗೆ ಇವರು ಹೇಳಲಿಲ್ಲ, ವರ್ಷದ ಮೇಲೆ ಸಂತೆಯಲ್ಲಿ ಸಿಕ್ಕ ಅವನ ತಾಯಿ ಹೇಳಿದಳು. ಅವನು ಮರಳಿ ಬರಲಿಲ್ಲ. ಅಷ್ಟರಲ್ಲಿ ಬೇರೆ ಕಡೆ ಕೆಲಸ ಹಿಡಿದಿದ್ದ. ನನ್ನ ಪಾಲಿನ ತಪ್ಪನ್ನು ನಾನು ಯಾರ ಮುಂದೆಯೂ ಹೇಳಿರಲಿಲ್ಲ: ಅವನ ಮಾತು ಕೇಳಿಸಿಯೂ, ಅವನು ಹೋಗುವಾಗ ತಲೆ ಎತ್ತದೆ ಕುಳಿತವಳು ನಾನು.

ಮರುದಿನ ಯಂತ್ರದ ಪಕ್ಕಕ್ಕೆ ಒಂದು ನೋಟುಬುಕ್ಕು ಕಟ್ಟಿ ತೂಗುಹಾಕಿದೆ. ಯಂತ್ರ ನಿಂತರೆ ಮೊದಲು ಬರೆಯಬೇಕು: ಎಷ್ಟು ಹೊತ್ತಿಗೆ, ಯಾವ ದಿಕ್ಕು, ಟೇಬಲ್ಲು ಎಲ್ಲಿತ್ತು, ಏನು ಕೇಳಿಸಿತು, ನಿಂತವರು ಏನು ಹೇಳಿದರು. ಬರೆದ ಮೇಲೆಯೇ ಸ್ಕ್ರೂ ಡ್ರೈವರು, ಬೈಗುಳ, ಎಲ್ಲ. ಬ್ರಷ್ಷಿಲ್ಲದ ಎ.ಸಿ. ಸರ್ವೊಗಳು ಬಂದು ನಮ್ಮ ಹಳೆಯ ಯಂತ್ರ ಗುಜರಿಗೆ ಹೋಗುವವರೆಗೆ ಆ ಪುಸ್ತಕ ನಾಲ್ಕು ತುಂಬಿತು. ಮೊದಲ ಪುಟದ ಮೊದಲ ಸಾಲು ನನ್ನ ಅಕ್ಷರದಲ್ಲಿದೆ: ಎಕ್ಸ್, ಬಲತುದಿ, ಹೇಳಿದವನು ಹುಡುಗ.