ರಸ್ತೆಯಿಲ್ಲದ ಬೆಟ್ಟದ ತಂಗುಮನೆ

ಸ್ವಿಟ್ಜರ್ಲೆಂಡಿನ ಜೆರ್ಮಾಟ್ ಊರಿನ ಮೇಲೆ, ಹಿಮದ ನಡುವೆ, 2,883 ಮೀಟರ್ ಎತ್ತರದಲ್ಲಿ ಮಾಂಟೆ ರೋಸಾ ತಂಗುಮನೆ ಇದೆ. ರಸ್ತೆಯಿಲ್ಲ, ಕರೆಂಟು ಕಂಬವಿಲ್ಲ. ಪರ್ವತ ಹತ್ತುವವರಿಗೆ 1895ರಿಂದಲೂ ಅಲ್ಲಿ ಆಸರೆಯುಂಟು. ಹಳೆಯ ಮನೆ ದುರಸ್ತಿಗೆ ಬಂದಾಗ ಸ್ವಿಸ್ ಆಲ್ಪೈನ್ ಕ್ಲಬ್ ಮತ್ತು ಜ್ಯೂರಿಚ್‌ನ ಇಟಿಎಚ್ ವಿಶ್ವವಿದ್ಯಾಲಯ ಸೇರಿ ಹೊಸದನ್ನೇ ಕಟ್ಟಿಸಿದವು. 2009ರಲ್ಲಿ ಅದು ತೆರೆಯಿತು.

ಮರದ ಭಾಗಗಳನ್ನು ಕೆಳಗೇ ತಯಾರಿಸಿ, ಹೆಲಿಕಾಪ್ಟರಿನಲ್ಲಿ ಸಾಗಿಸಿ ಜೋಡಿಸಿದರು. ಹೊರಗೆ ಅಲ್ಯೂಮಿನಿಯಂ ಹೊದಿಕೆ, ದಕ್ಷಿಣದ ಗೋಡೆಗೆ ಸೋಲಾರ್ ಫಲಕ. ಹಿಮ ಕರಗಿ ನೀರು ಸಿಗುವುದು ವರ್ಷಕ್ಕೆ ಕೆಲವೇ ತಿಂಗಳು. ಅದನ್ನು ಮನೆಗಿಂತ ಮೇಲಿನ ಬಂಡೆಯೊಳಗೆ ತುಂಬಿಟ್ಟುಕೊಳ್ಳುತ್ತಾರೆ. ಬಳಸಿದ ನೀರನ್ನು ಶುದ್ಧ ಮಾಡಿ ಮತ್ತೆ ಕಕ್ಕಸಿಗೆ ಬಿಡುತ್ತಾರೆ.

ಮನೆ ಕಟ್ಟುವಾಗ ನಾವು ಮೊದಲು ಸಿಮೆಂಟಿನ ಲೆಕ್ಕ ಹಾಕುತ್ತೇವೆ. ಅಲ್ಲಿ ಬಿಸಿಲಿನ ಲೆಕ್ಕ, ನೀರಿನ ಲೆಕ್ಕ ತಪ್ಪಿದರೆ ಮನೆಯಿದ್ದೂ ಇರಲಾಗದು.