ದನದ ಪರಿಷೆಯ ಬಹುಮಾನವೂ ಸಾಕಿದವರ ಅಭಿಪ್ರಾಯವೂ

ಮಂಡ್ಯದ ಸೀಮೆಯ ಜಾತ್ರೆಗಳಲ್ಲಿ ದೇವರ ತೇರು ಎಷ್ಟು ಮುಖ್ಯವೋ ದನಗಳ ಪರಿಷೆಯೂ ಅಷ್ಟೇ ಮುಖ್ಯವಾದುದು. ರಥಸಪ್ತಮಿಯ ಸುಮಾರಿನಲ್ಲಿ ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿಯೂ, ಶಿವರಾತ್ರಿಯ ಸಮಯದಲ್ಲಿ ಪಾಂಡವಪುರ ತಾಲ್ಲೂಕಿನ ಬೇಬಿಬೆಟ್ಟದಲ್ಲಿಯೂ ಹಳ್ಳಿಕಾರ್ ತಳಿಯ ಎತ್ತುಗಳು ಸಾಲುಸಾಲಾಗಿ ನಿಲ್ಲುವುವು. ಹಾಲುಹಲ್ಲಿನವು, ಎರಡು ಹಲ್ಲಿನವು, ನಾಲ್ಕು ಹಲ್ಲಿನವು, ಆರು ಹಲ್ಲಿನವು, ಬಾಯಿಗೂಡಿದವು ಎಂದು ವಯಸ್ಸಿನ ಮೇಲೆ ವಿಂಗಡಿಸಿ, ಉತ್ತಮವಾದ ಜೋಡಿಗಳಿಗೆ ಬಹುಮಾನ ಕೊಡುವ ಪದ್ಧತಿಯುಂಟು. ಬಹುಮಾನವನ್ನು ಹಂಚಿದ ಸಂಜೆ, ಬಿಡಾರಗಳಲ್ಲಿ ಒಲೆ ಹೊತ್ತಿಸಿದ ಮೇಲೆ, ಮತ್ತೊಂದು ನ್ಯಾಯಸ್ಥಾನವು ಕೂಡುವುದು. ಅಲ್ಲಿ ಪರೀಕ್ಷೆಗೆ ಒಳಗಾಗುವವು ಎತ್ತುಗಳಲ್ಲ, ಎತ್ತುಗಳನ್ನು ಪರೀಕ್ಷಿಸಿದವರು.

ಈ ಸಂಜೆಯ ಮಾತನ್ನು ಸೋತವರ ಹೊಟ್ಟೆಕಿಚ್ಚೆಂದು ತಳ್ಳಿಬಿಡುವುದು ಸುಲಭ. ಆದರೆ ಶುದ್ಧ ತಳಿಯನ್ನು ಕಣ್ಣಿನಿಂದ ಅಳೆಯುವ ಪದ್ಧತಿಯು ಹೇಗೆ ಹುಟ್ಟಿತೆಂಬುದನ್ನು ನೋಡಿದರೆ, ಆ ಗೊಣಗಾಟದಲ್ಲಿ ಒಂದು ಹಳೆಯ ಪ್ರಶ್ನೆಯು ಅಡಗಿರುವುದು ಕಂಡುಬರುತ್ತದೆ.

ಮೈಸೂರು ರಾಜ್ಯದಲ್ಲಿ ದನದ ತಳಿಯನ್ನು ಮೊದಲು ಅಳೆದುದು ಕಣ್ಣಲ್ಲ, ಕೆಲಸ. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಆಳಿದ ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಅರಮನೆಯ ದನಗಳ ಇಲಾಖೆಗೆ ಬೆಣ್ಣೆಚಾವಡಿಯೆಂದು ಹೆಸರು. ಹೈದರನು ಆ ದನಗಳನ್ನು ಸೈನ್ಯಕ್ಕೆ ಹೂಡಿದನು. ಟಿಪ್ಪುವು ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟು, ಅದರ ಪಾಲನೆಗೆ ಹುಕುಂನಾಮೆಯನ್ನು ಹೊರಡಿಸಿದನು. ಚಿದಂಬರದ ನೆರವಿಗಾಗಿ ಹೈದರನು ಎರಡೂವರೆ ದಿನಗಳಲ್ಲಿ 100 ಮೈಲಿ ನಡೆದುದಕ್ಕೆ ಈ ದನಗಳೇ ಕಾರಣವೆಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಅಮೃತಮಹಲಿಗೆ ಮೂಲವೆಂದು ಎಣಿಸಲ್ಪಟ್ಟ ತಳಿಯೇ ಹಳ್ಳಿಕಾರ್. ಆ ಕಾಲದಲ್ಲಿ ತೀರ್ಪುಗಾರನೆಂದರೆ ದಾರಿ. ಬಹುಮಾನವೆಂದರೆ ಹೊತ್ತಿಗೆ ಸರಿಯಾಗಿ ತಲುಪಿದ ಫಿರಂಗಿ. ಆ ತೀರ್ಪಿನ ಮೇಲೆ ಯಾರೂ ತಕರಾರು ಹೇಳುವಂತಿರಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಈ ದನಗಳು ಇಂಗ್ಲಿಷರ ಸೈನ್ಯದ ವಶವಾದುವು. 1860ರಲ್ಲಿ ಮದರಾಸಿನ ಸರ್ಕಾರವು ಮಿತವ್ಯಯಕ್ಕಾಗಿ ಅವನ್ನು ಮಾರಿಬಿಟ್ಟಿತು. ತಪ್ಪಿನ ಅರಿವಾಗಿ 1866ರಲ್ಲಿ ಪುನಃ ಹಿಂಡು ಕಟ್ಟಲಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರದ ಕೈಸೇರಿತು. ಅಷ್ಟುಹೊತ್ತಿಗೆ ಯುದ್ಧದ ಪರೀಕ್ಷೆಯು ಮುಗಿದಿತ್ತು.

ಅದೇ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಪ್ರಾಣಿಯನ್ನು ನಿಲ್ಲಿಸಿ ನೋಡಿ ಬೆಲೆಕಟ್ಟುವ ಕಲೆಯು ನಾಯಿಗಳಿಗೂ ಹಬ್ಬಿತು. 1859ರ ಜೂನ್ ತಿಂಗಳಲ್ಲಿ ನ್ಯೂಕ್ಯಾಸಲ್ ನಗರದಲ್ಲಿ ನಡೆದುದನ್ನು ಮೊದಲನೆಯ ಕ್ರಮಬದ್ಧ ಶ್ವಾನಪ್ರದರ್ಶನವೆಂದು ಹೇಳುವರು. ಬೇಟೆಯ ನಾಯಿಗಳಾದ ಪಾಯಿಂಟರ್ ಮತ್ತು ಸೆಟ್ಟರ್ ಎಂಬ ಎರಡು ಜಾತಿಗಳಿಗೆ ಮಾತ್ರ ಅಲ್ಲಿ ಅವಕಾಶ. ಗೆದ್ದವರಿಗೆ ಬಂದೂಕು ಬಹುಮಾನ. ಅಲ್ಲಿ ನಡೆದ ಒಂದು ಸಂಗತಿಯು ಚಿಂತನೀಯವಾದುದು. ಪಾಯಿಂಟರುಗಳನ್ನು ಪರೀಕ್ಷಿಸಿದವರೊಬ್ಬರ ನಾಯಿಗೆ ಸೆಟ್ಟರುಗಳಲ್ಲಿ ಬಹುಮಾನ ಬಂದಿತು. ಸೆಟ್ಟರುಗಳನ್ನು ಪರೀಕ್ಷಿಸಿದವರೊಬ್ಬರ ನಾಯಿಗೆ ಪಾಯಿಂಟರುಗಳಲ್ಲಿ ಬಹುಮಾನ ಬಂದಿತು. ಯಾರೂ ಮೋಸ ಮಾಡಿರಲಿಕ್ಕಿಲ್ಲ. ಎರಡೂ ಒಳ್ಳೆಯ ನಾಯಿಗಳೇ ಆಗಿದ್ದಿರಬಹುದು. ಆದರೆ ಪ್ರದರ್ಶನವು ಹುಟ್ಟಿದ ದಿನವೇ ತೀರ್ಪಿನ ಮೇಲೆ ಸಂಶಯಪಡುವುದಕ್ಕೂ ಕಾರಣ ಹುಟ್ಟಿತು. 1873ರಲ್ಲಿ ಲಂಡನಿನಲ್ಲಿ ಕೆನಲ್ ಕ್ಲಬ್ಬು ಸ್ಥಾಪಿತವಾಗಿ, ನಿಯಮಗಳೂ ವಂಶಾವಳಿಯ ಪುಸ್ತಕಗಳೂ ಏರ್ಪಟ್ಟುದಕ್ಕೆ ಇಂತಹ ಸಂಶಯಗಳೂ ಒಂದು ಕಾರಣವೆನ್ನಬಹುದು.

ಬರೆದಿಟ್ಟ ಲಕ್ಷಣಗಳಿಂದ ತಳಿಯನ್ನು ತೂಗುವ ಈ ಕ್ರಮವು ಭಾರತದ ದನಗಳಿಗೂ ಬಂದಿತು. 1926ರಿಂದ 1928ರವರೆಗೆ ಕೆಲಸಮಾಡಿದ ವ್ಯವಸಾಯದ ರಾಯಲ್ ಕಮಿಷನ್ನಿನ ಸಲಹೆಯಂತೆ 1929ರಲ್ಲಿ ಕೃಷಿ ಸಂಶೋಧನೆಯ ಪರಿಷತ್ತು ಸ್ಥಾಪಿತವಾಯಿತು. ಮುಂದೆ ತಳಿಗಳ ಲಕ್ಷಣಗಳು ಕಾಗದದ ಮೇಲೆ ಬಂದುವು. ಉದ್ದವಾಗಿ ಕಿರಿದಾದ ಮುಖ, ನಡುವೆ ಗೆರೆಯುಳ್ಳ ಉಬ್ಬುಹಣೆ, ಹತ್ತಿರಹತ್ತಿರದಲ್ಲಿ ಹುಟ್ಟಿ ಹಿಂದಕ್ಕೆ ಸಾಗಿ ಮುಂದಕ್ಕೆ ಬಾಗುವ ಮೊನಚಾದ ಕೊಂಬು, ಬೂದುಬಣ್ಣ, ಕಿರಿದಾದ ಗಂಗೆದೊಗಲು, ಗಟ್ಟಿಯಾದ ಗೊರಸು, ಇವು ಹಳ್ಳಿಕಾರಿನ ಲಕ್ಷಣಗಳು.

ಸಾಕಿದವರ ಮೊದಲನೆಯ ಆಕ್ಷೇಪಣೆಯು ಇಲ್ಲಿಂದಲೇ ಹೊರಡುವುದು. ರೈತನ ಪುಸ್ತಕವೇ ಬೇರೆ. ಅವನು ಮೊದಲು ಸುಳಿಯನ್ನು ನೋಡುವನು. ಕೆಟ್ಟ ಸುಳಿಯಿದ್ದ ಎತ್ತು ಎಷ್ಟು ಚೆಲುವಾಗಿದ್ದರೂ ಅವನ ಕೊಟ್ಟಿಗೆಗೆ ಸೇರದು. ಪಶುವೈದ್ಯವನ್ನು ಓದಿಬಂದ ಪರೀಕ್ಷಕನು ಸುಳಿಗೆ ಬೆಲೆಕೊಡಬೇಕಾದ ಕಾರಣವಿಲ್ಲ. ಹೀಗಾಗಿ ಬಹುಮಾನ ಪಡೆದ ಜೋಡಿಯು ಮಾರಾಟವಾಗದೆ ಊರಿಗೆ ಹಿಂದಿರುಗುವುದೂ, ಯಾರೂ ಗಣಿಸದ ಜೋಡಿಯು ಹೆಚ್ಚಿನ ಬೆಲೆಗೆ ಹೋಗುವುದೂ ಸಾಧ್ಯ. ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವ ದಲ್ಲಾಳಿಯ ತೀರ್ಪು ಗುಟ್ಟಿನದು. ಆದರೂ ರೈತನು ಅದನ್ನು ನಂಬುವನು. ಹೇಳಿದವನು ಹಣವನ್ನೂ ಕೊಡಬೇಕಾಗಿರುವುದೇ ಅದಕ್ಕೆ ಕಾರಣ.

ಎರಡನೆಯ ಆಕ್ಷೇಪಣೆಯು ಸಿಂಗಾರವನ್ನು ಕುರಿತದ್ದು. ಪರಿಷೆಗೆಂದೇ ಸಾಕಿದ ಎತ್ತಿಗೆ ನೊಗದ ಗುರುತೇ ಇರುವುದಿಲ್ಲ. ಹುರುಳಿ, ಬೆಣ್ಣೆ, ಹಿಂಡಿಗಳಿಂದ ಮೈಯನ್ನು ತುಂಬಿಸಿ, ಕೊಂಬನ್ನು ಹೆರೆದು ನುಣುಪುಮಾಡಿ, ತುದಿಗೆ ಹಿತ್ತಾಳೆಯನ್ನು ತೊಡಿಸಿ, ವಾದ್ಯಗಳೊಡನೆ ಮೆರವಣಿಗೆಯಲ್ಲಿ ಕರೆತರುವರು. ಉತ್ತು ಗಾಡಿ ಎಳೆದ ಎತ್ತು ಅದರ ಪಕ್ಕದಲ್ಲಿ ಬಡವನಂತೆ ಕಾಣುವುದು. ಎಳೆಯುವುದಕ್ಕಾಗಿ ಬೆಳೆದ ತಳಿಯಲ್ಲಿ ಎಂದೂ ಎಳೆಯದ ಎತ್ತಿಗೆ ಬಹುಮಾನ ಸಲ್ಲಬಹುದೆ ಎಂದು ದುಡಿಮೆಯ ಎತ್ತಿನ ಒಡೆಯನು ಕೇಳಿದರೆ, ಆ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ.

ಮೂರನೆಯದು ಎಲ್ಲಕ್ಕಿಂತಲೂ ಆಳವಾದುದು: ಕಾರಣವನ್ನು ಹೇಳದೆ ಇರುವುದು. ನೂರಾರು ಜೋಡಿಗಳ ನಡುವೆ ಪರೀಕ್ಷಕರು ಕೆಲವು ಗಳಿಗೆಗಳಲ್ಲಿ ನಡೆದುಹೋಗಿ ಹೆಸರು ಬರೆದುಕೊಳ್ಳುವರು. ಯಾವ ಎತ್ತು ಏತರಲ್ಲಿ ಮೇಲು, ಯಾವುದು ಏತರಲ್ಲಿ ಕಡಮೆ ಎಂಬುದು ಹೊರಬಾರದು. ಕಾರಣವು ತಿಳಿಯದೆಡೆಯಲ್ಲಿ ಪರಿಚಯ, ಊರು, ಪ್ರಭಾವ ಎಂಬ ಮಾತುಗಳು ತಾವಾಗಿ ಬಂದು ಸೇರುವುವು. ಅವುಗಳಲ್ಲಿ ನಿಜವೆಷ್ಟು ಎಂಬುದಕ್ಕಿಂತ, ಅವುಗಳಿಗೆ ಎಡೆಕೊಟ್ಟುದು ಮೌನವೆಂಬುದು ಮುಖ್ಯ.

ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರನ್ನು ಹೊತ್ತ ಕುರಿಯ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಗಿಡ್ಡ ಕಾಲು, ಅಡಕವಾದ ಮೈ, ಹಿಂದಿನಿಂದ ನೋಡಿದರೆ ತಲೆಕೆಳಗಾದ ಲಾಳದಂತಹ ಆಕಾರ, ಇವು ಅದರ ಗುರುತು. ಬಂಡೂರು, ಬನ್ನೂರು, ಮಂಡ್ಯ ಎಂದು ಒಂದೇ ತಳಿಗೆ ಮೂರು ಹೆಸರುಗಳು. ಅದರ ಕೀರ್ತಿಯೆಲ್ಲ ಮಾಂಸದ ರುಚಿಯಿಂದ ಬಂದುದು; ಆದರೆ ಕಣದಲ್ಲಿ ನಿಂತ ಟಗರಿನ ರುಚಿಯನ್ನು ಯಾವ ಪರೀಕ್ಷಕನೂ ಬಲ್ಲವನಲ್ಲ. ಬಾಗಿಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಗೂ ಇದೇ ಗತಿ. 2005ರಲ್ಲಿ ಅಂಚೆಚೀಟಿಯ ಮೇಲೆ ಮುಧೋಳವೆಂದೇ ಹೆಸರು ಪಡೆದ ಆ ತಳಿಯನ್ನು ಕೆನಲ್ ಕ್ಲಬ್ ಆಫ್ ಇಂಡಿಯಾ ದಾಖಲೆ ಮಾಡಿಕೊಂಡುದು ಕ್ಯಾರವಾನ್ ಹೌಂಡ್ ಎಂಬ ಬೇರೆ ಹೆಸರಿನಿಂದ. ಸಾಕಿದವರ ಹೆಸರೊಂದು, ತೀರ್ಪಿನ ಪುಸ್ತಕದ ಹೆಸರು ಮತ್ತೊಂದು.

ಪರೀಕ್ಷಕರ ಪಕ್ಷವನ್ನೂ ಕೇಳುವುದು ನ್ಯಾಯ. ಗೆದ್ದವನಿಗೆ ತೀರ್ಪಿನಲ್ಲಿ ದೋಷವು ಕಾಣುವುದಿಲ್ಲ. ತನ್ನ ಕೈಯಿಂದ ಮೇವಿಟ್ಟು ಸಾಕಿದವನಿಗೆ ತನ್ನ ಎತ್ತಿನ ಕುಂದು ಕಾಣುವುದೂ ಅಪೂರ್ವ. ಗಾಡಿಯ ಓಟದಲ್ಲಿಯಾದರೆ ಮೊದಲು ತಲುಪಿದುದು ಯಾವುದೆಂಬುದು ಎಲ್ಲರಿಗೂ ತಿಳಿಯುವುದು. 2014ರಲ್ಲಿ ನಿಷೇಧಕ್ಕೊಳಗಾದ ಓಟವು ಕಾನೂನಿನ ತಿದ್ದುಪಡಿಯಿಂದ ಮರಳಿ ಬಂದು, 2023ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಮ್ಮತಿಯನ್ನು ಪಡೆಯಿತು. ಆದರೆ ಓಡುವುದೊಂದೇ ಎತ್ತಿನ ಗುಣವಲ್ಲ. ತಾಳ್ಮೆಯನ್ನೂ ನಡೆಯನ್ನೂ ಗಡಿಯಾರವು ಅಳೆಯಲಾರದು. ಕಣ್ಣು ಬೇಕೇಬೇಕು.

ಕನ್ನಂಬಾಡಿಯ ನೀರು ನಾಲೆಯಲ್ಲಿ ಹರಿದು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆಯು ಸ್ಥಾಪಿತವಾದ ಮೇಲೆ, ಕಬ್ಬಿನ ಗಾಡಿಯೇ ಈ ಸೀಮೆಯ ಎತ್ತುಗಳಿಗೆ ಪ್ರತಿವರ್ಷದ ಪರೀಕ್ಷೆಯಾಗಿದ್ದಿತು. ಟ್ರ್ಯಾಕ್ಟರು ಬಂದ ಮೇಲೆ ಆ ಪರೀಕ್ಷೆಯೂ ಬಹುಮಟ್ಟಿಗೆ ನಿಂತಿತು. ಕೆಲಸವು ಅಳೆಯುತ್ತಿದ್ದಾಗ ಬಹುಮಾನದ ತಪ್ಪು ಒಂದು ಜಾತ್ರೆಯಲ್ಲಿಯೇ ಮುಗಿಯುತ್ತಿತ್ತು. ಮರುದಿನ ನೊಗವು ಅದನ್ನು ತಿದ್ದುತ್ತಿತ್ತು. ಈಗ ತಿದ್ದುವ ನೊಗವಿಲ್ಲ. ಬಹುಮಾನ ಪಡೆದ ಬೀಜದ ಹೋರಿಯ ಬಳಿಗೆ ಸುತ್ತಣ ಊರುಗಳ ಹಸುಗಳು ಬರುವುವು; ಪರೀಕ್ಷಕನ ಮೆಚ್ಚಿಗೆಯೇ ನಾಲ್ಕಾರು ವರ್ಷಗಳಲ್ಲಿ ಕರುಗಳ ಮೈಯಾಗುವುದು. ಕೊಬ್ಬನ್ನು ಮೆಚ್ಚಿದರೆ ತಳಿಯು ಕೊಬ್ಬುವುದು. ನಡೆಯನ್ನು ಮೆಚ್ಚಿದರೆ ನಡೆಯು ಉಳಿಯುವುದು.

ಆದುದರಿಂದ ಬಿಡಾರದ ಸಂಜೆಯ ಮಾತು ಬರಿಯ ಮತ್ಸರವಲ್ಲ. ಜೋಡಿಯನ್ನು ನಿಲ್ಲಿಸಿ ಮಾತ್ರ ನೋಡದೆ ಸ್ವಲ್ಪ ದೂರ ನಡೆಸಿ, ನೊಗಕ್ಕೆ ಹೂಡಿ ನೋಡುವುದೂ, ಮೊದಲನೆಯದಕ್ಕೂ ಎರಡನೆಯದಕ್ಕೂ ಇರುವ ಭೇದವನ್ನು ನೆರೆದವರ ಮುಂದೆ ನಾಲ್ಕು ಮಾತಿನಲ್ಲಿ ಹೇಳುವುದೂ ಅಸಾಧ್ಯವೇನಲ್ಲ. ಹಾಗೆ ಮಾಡಿದರೂ ಸೋತವನು ಸಂತೋಷಪಡಲಾರನು. ಆದರೆ ಊರಿಗೆ ಹಿಂದಿರುಗುವಾಗ, ಬರುವ ವರ್ಷ ಯಾವ ಕರುವನ್ನು ಉಳಿಸಿಕೊಳ್ಳಬೇಕೆಂಬುದನ್ನಾದರೂ ತಿಳಿದುಕೊಂಡು ಹೋಗುವನು.